ಮಾವನ ಎರಡು ಕರಡುಗಳು

ನನಗೆ ಜಂಬ ಸ್ವಲ್ಪ ಜಾಸ್ತಿ, ತಾಳ್ಮೆ ಕಡಿಮೆ. ಇವೆರಡೂ ಸೇರಿ 2017ರ ಬೇಸಿಗೆಯ ಒಂದು ಭಾನುವಾರ ನನ್ನ ನಾದಿನಿಯ ಮದುವೆಯ ಮಾತನ್ನು ಬೀದಿಗೆ ತಂದವು.

ಆಗ ನಾನು ವಿಶಾಖಪಟ್ಟಣದ ಗಾಜುವಾಕದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಹೆಂಡತಿಯ ತವರು ವಿಜಯವಾಡ. ಬಳ್ಳಾರಿಯಿಂದ ಹೋಗಿ ಮೂರು ತಲೆಮಾರು ಅಲ್ಲಿನ ಹಳೆ ಪೇಟೆ ಒನ್ ಟೌನಿನಲ್ಲಿ ಪಾತ್ರೆ ಮಾರಿದ ಮನೆತನ. ಅಂಗಡಿ ಬಿಟ್ಟ ಮೇಲೆ ಮಾವ ಬ್ಲಾಗ್ ಬರೆಯತೊಡಗಿದ್ದರು. ಹಬ್ಬದ ಪದ್ಧತಿ, ಹಳೆಯ ಕಥೆ, ನೆಂಟರ ಸುದ್ದಿ. ಮನೆಯವರಿಗೆ ಮಾತ್ರ ತೆರೆಯುವಂತೆ ಅದಕ್ಕೆ ಬೀಗ. ನಾನು ವಿಡಿಯೋ ಪಾಠ ನೋಡಿ ಪುಟ್ಟದೊಂದು ಆ್ಯಪ್ ಮಾಡಿ, ಅವರ ಬರಹಗಳನ್ನು ಕೈಯಾರೆ ಅದರೊಳಗೆ ತುಂಬಿದ್ದೆ. ಅವರು ಹೊಸದು ಬರೆದಾಗಲೆಲ್ಲ ನಾನು ಮತ್ತೆ ತುಂಬಿ, ಎಲ್ಲರಿಗೂ ಮತ್ತೆ ಕಳಿಸಬೇಕು. ಸಾಕಾಗಿಹೋಗಿತ್ತು.

ಬ್ಲಾಗಿಗೆ ಎಪಿಐ ಎಂಬ ಹಿಂಬಾಗಿಲಿದೆ ಎಂದು ಓದಿದೆ. ಆ್ಯಪ್ ಅಲ್ಲಿ ಹೋಗಿ ಕೇಳಿದರೆ ಬ್ಲಾಗೇ ಬರಹಗಳನ್ನೂ ಅವುಗಳ ದಿನ, ಗಂಟೆಗಳನ್ನೂ ಕೊಡುತ್ತದಂತೆ. ಬೀಗ ಹಾಕಿದ ಬ್ಲಾಗಾದ್ದರಿಂದ ಮಾವನ ಲಾಗಿನ್ ಬೇಕಾಯಿತು. ಅವರು ಒಂದು ಮಾತೂ ಕೇಳದೆ ಕೊಟ್ಟರು. ಎಲ್ಲಿಂದಲೋ ನಕಲು ಮಾಡಿದ ನಮೂನೆಯಲ್ಲಿ 'ಎಲ್ಲ ಬರಹಗಳನ್ನೂ ಕೊಡು' ಎಂಬರ್ಥದ ಸಾಲೊಂದಿತ್ತು. ಪ್ರಕಟಿಸದೆ ಇಟ್ಟ ಕರಡುಗಳೂ ಆ 'ಎಲ್ಲ'ದೊಳಗೆ ಬರುತ್ತವೆಂಬುದು ಈ ಮಂಡೆಗೆ ಹೊಳೆಯಲಿಲ್ಲ. ಪರದೆಯ ಮೇಲೆ ಪಟ್ಟಿ ಮೂಡಿದ್ದೇ ತಡ, ಓದದೆ ಹೊಸ ಆ್ಯಪನ್ನು ಎಲ್ಲರಿಗೂ ಕಳಿಸಿದೆ. ನಾದಿನಿಗೆ ನೋಡಿದ್ದ ಹುಡುಗನ ಮನೆಯವರಿಗೂ ಕಳಿಸಿದೆ. ಜಂಬ ಅಂದೆನಲ್ಲ.

ಹುಡುಗ ನನ್ನ ಹಿರಿಯ ಸಹೋದ್ಯೋಗಿಯ ಮಗ, ಮೈಸೂರು ಕಡೆಯವರು. ಸಂಬಂಧ ತಂದವನು ನಾನೇ. ಅವರು ಆಗಲೇ ಒಪ್ಪಿದ್ದರು. ಬರುವ ಶುಕ್ರವಾರ ಇಂದ್ರಕೀಲಾದ್ರಿ ಬೆಟ್ಟ ಹತ್ತಿ ದೇವಿಯ ದರ್ಶನ ಮಾಡಿ ಬಂದು ನಮ್ಮ ಉತ್ತರ ತಿಳಿಸುವುದಾಗಿ ಮಾವ ಹೇಳಿದ್ದರು.

ಅರ್ಧ ಗಂಟೆಯೊಳಗೆ ಹುಡುಗನ ತಾಯಿಯ ಫೋನು. "ನಿಮ್ಮ ಮಾವನವರು ಎಷ್ಟು ಚೆನ್ನಾಗಿ ಬರ್ದಿದಾರೆ! 'ಸಂಬಂಧ ಕೂಡಿಬಂತು' ಅಂತ ಓದಿ ನಂಗೆ ಕಣ್ಣಲ್ಲಿ ನೀರೇ ಬಂತು."

ನಾನು ಹೂಂಗುಟ್ಟಿ ಆ್ಯಪ್ ತೆರೆದೆ. ಮೇಲೆ 'ಸಂಬಂಧ ಕೂಡಿಬಂತು'. ಅದರ ಕೆಳಗೇ 'ಈ ಸಂಬಂಧ ಬೇಡವೆಂದೆವು'. ಹೆಂಡತಿಯನ್ನು ಕರೆದು ತೋರಿಸಿದೆ.

"ಅಪ್ಪ ಯಾವಾಗ್ಲೂ ಎರಡೂ ಬರೀತಾರ," ಎಂದಳು ಹೆಂಡತಿ, ಬಿಳಿಚಿಕೊಂಡು. "ಅಂಗಡ್ಯಾಗಿನ ರೂಢಿ. ವ್ಯಾಪಾರ ಕುದುರೋಕೆ ಮುಂಚೇನೇ ಒಪ್ಪಿದ್ದಕ್ಕೊಂದು, ಬಿಟ್ಟಿದ್ದಕ್ಕೊಂದು ಕಾಗದ ಬರೆದಿಡೋರು. ಆಮೇಲೆ ಸಿಟ್ಟಿನಾಗ ಬರೆದ್ರೆ ಮಾತು ಕೆಡ್ತದ ಅಂತ."

ಎರಡನೆಯದನ್ನು ಓದಿದೆ. 'ಹುಡುಗನಲ್ಲಿ ಕೊರತೆ ಏನೂ ಇಲ್ಲ. ನಮ್ಮ ಹುಡುಗಿಯೂ ಹೂಂ ಅಂದಿದ್ದಾಳೆ. ಆದರೆ ಮನಸಾರೆ ಒಪ್ಪಿದರೆ ಅವಳು ಅಡುಗೆಮನೆಯಿಂದಲೇ ಕೂಗಿ ಹೇಳುವವಳು. ಈ ಸಲ ನೆಲ ನೋಡಿಕೊಂಡು ಅಂದಳು.'

ನಿಜ ಹೇಳುತ್ತೇನೆ, ಆಗ ನನಗೆ ಹುಡುಗಿಯ ನೆನಪಾಗಲಿಲ್ಲ. ನಾಳೆ ಕಾರ್ಖಾನೆಯಲ್ಲಿ ಆ ಸಹೋದ್ಯೋಗಿಗೆ ಮುಖ ತೋರಿಸುವುದು ಹೇಗೆಂಬುದೇ ಚಿಂತೆ. ಅವರ ಮನೆಯವರು ಓದಿದ್ದು ಮೊದಲನೆಯದನ್ನು ಮಾತ್ರ ಎಂದು ಕಾಣುತ್ತಿತ್ತು. ಎರಡನೆಯದನ್ನು ಅಳಿಸಿಬಿಟ್ಟರೆ ಹಾಲು ಕುಡಿದಷ್ಟು ಸುಲಭ. ಕೀಲಿಮಣೆಯ ಮೇಲೆ ಬೆರಳಿಟ್ಟಿದ್ದೆ. ಫೋನು ಬಂತು. ನಾದಿನಿ. ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಎರಡನ್ನೂ ಓದಿ ಮುಗಿಸಿದ್ದಳು.

"ಬಾವಗಾರೂ, ಯಾವ್ದು ಯಾವಾಗ ಬರೆದಿದ್ದು ಅಂತ ನಿಮ್ ಕಂಪ್ಯೂಟರ್‌ನಾಗ ತಿಳೀತದಾ?"

ತಿಳಿಯುತ್ತಿತ್ತು. ನನ್ನ ಕಣ್ಣೆದುರಿಗೇ ಇತ್ತು. ಮೊದಲನೆಯದನ್ನು ಹಿಂದಿನ ಸಂಜೆ ನಾಲ್ಕೇ ನಿಮಿಷದಲ್ಲಿ ಬರೆದು ಮುಗಿಸಿದ್ದರು. ಎರಡನೆಯದು ಹುಡುಗನ ಮನೆಯವರು ಬಂದುಹೋದ ದಿನವೇ ಶುರುವಾಗಿತ್ತು. ಕೊನೆಯ ಬಾರಿ ತಿದ್ದಿದ್ದು ಆ ಭಾನುವಾರ ಬೆಳಿಗ್ಗೆ ಐದೂವರೆಗೆ. ಗೊತ್ತಾಗಲ್ಲ ಎಂದುಬಿಡೋಣ ಅನ್ನಿಸಿತು. ಅವಳು ಕಾಯುತ್ತಿದ್ದಳು, ಉಸಿರು ಕೇಳಿಸುತ್ತಿತ್ತು. ಇದ್ದದ್ದು ಇದ್ದಂತೆ ಹೇಳಿದೆ.

ಆ ಕಡೆ ಬಾಗಿಲು ತೆರೆದ ಸದ್ದು, "ನಾನ್ನಾ," ಎಂದು ಅವಳು ಅಪ್ಪನನ್ನು ಕರೆದದ್ದು, ಇಬ್ಬರೂ ಸಣ್ಣ ದನಿಯಲ್ಲಿ ತೆಲುಗಿನಲ್ಲಿ ಏನೋ ಮಾತಾಡಿಕೊಂಡದ್ದು ಕೇಳಿಸಿತು. ಅವಳು ಬಿಕ್ಕಿದಳು. ಯಾಕೆ ಮುಂಚೆ ಕೇಳಲಿಲ್ಲ ಎಂದು ಅವಳು, ಇಷ್ಟವಿಲ್ಲವೆಂದು ಯಾಕೆ ಹೇಳಲಿಲ್ಲ ಎಂದು ಮಾವ. ನನಗೆ ಅರ್ಥವಾದದ್ದು ಅಷ್ಟೇ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಾವ ಫೋನು ತೆಗೆದುಕೊಂಡರು. ಬೈಯುತ್ತಾರೆಂದು ಮನಸ್ಸು ಗಟ್ಟಿಮಾಡಿಕೊಂಡು ಕೂತೆ.

"ಅಳಿಯಂದ್ರೇ, ಆ ಮೊದಲನೇದು ತೆಗೆದುಬಿಡ್ರಿ," ಎಂದರು. "ಹುಡುಗನ ಮನಿಯವರಿಗೆ ನಾನೇ ಹೇಳಬೇಕು. ಆದ್ರ ಅವರು ಸಂತೋಷದಾಗ ಇದ್ದಾರ, ತಡ ಮಾಡಿದಷ್ಟೂ ಪಾಪ. ನೀವು ಅಲ್ಲೇ ಇದ್ದೀರಿ. ಈಗ್ಲೇ ಹೇಳ್ರಿ, ಸಂಜಿಗೆ ನಾನು ಮಾತಾಡ್ತೀನಿ."

'ಎಲ್ಲ ಬರಹಗಳನ್ನೂ ಕೊಡು' ಎಂಬ ಆ ಸಾಲನ್ನು ಅಳಿಸಿ ಆ್ಯಪನ್ನು ಮತ್ತೆ ಎಲ್ಲರಿಗೂ ಕಳಿಸಿದೆ, ಕರಡುಗಳು ಮಾಯವಾದವು. ಹುಡುಗನ ತಾಯಿಗೆ ಫೋನು ಹಚ್ಚಿದೆ. ಮೊದಲ ರಿಂಗಿಗೇ ಎತ್ತಿದರು.

"ಈಗ್ತಾನೆ ನಿಮ್ಮನ್ನೇ ನೆನೆಸ್ಕೊಂಡ್ವಿ! ಹುಡುಗಿಗೆ ಯಾವ ಬಣ್ಣದ ಸೀರೆ ಇಷ್ಟ, ಸ್ವಲ್ಪ ಕೇಳಿ ಹೇಳ್ತೀರಾ?"

"ಅಮ್ಮಾ," ಎಂದೆ, "ಸ್ವಲ್ಪ ಕೂತ್ಕೊಳ್ಳಿ."