ಕಡಲಿಗೆ ಹೋದವನು

ಮೊನ್ನೆ ಬೆಳ್ಳಟ್ಟಿ ಕಡೆಯ ಹೆಣ್ಣುಮಗಳೊಬ್ಬಳು ನಮ್ಮ ಬಾಗಿಲಲ್ಲಿ ಹಸಿ ಕಡಲೆಗಿಡದ ಹೊರೆ ಇಳಿಸಿದಳು. ಎರಡು ಗಿಡ ಹಿರಿದು ನೋಡಿದೆ, ಕೈಗೆಲ್ಲ ಆ ಹುಳಿ ವಾಸನೆ ಹತ್ತಿತು. ಸೋಪು ಹಚ್ಚಿ ತೊಳೆದರೂ ಹೋಗಲಿಲ್ಲ. ಬೆಟಗೇರಿಯಲ್ಲಿ ನಮ್ಮ ಬಾಜೂಮನೆಯಲ್ಲಿದ್ದ ದೊಡ್ಡವ್ವ ನೆನಪಾದಳು...

ನನಗೆ ಸಂಬಂಧಿಯೇನಲ್ಲ, ಓಣಿಗೆಲ್ಲ ಅವಳು ದೊಡ್ಡವ್ವ. ಗಂಡ ಹೋದ ಮೇಲೆ ಮಂದಿಯ ಮಗ್ಗಗಳಿಗೆ ನೂಲು ಸುತ್ತಿಕೊಟ್ಟು ಒಬ್ಬನೇ ಮಗನನ್ನು ಬೆಳೆಸಿದ್ದಳು. ಮಗ ಸೀರೆಗಂಟು ಹೊತ್ತು ಊರೂರು ತಿರುಗಿ ಮಾರುತ್ತಿದ್ದ. ಒಮ್ಮೆ ಘಟ್ಟ ಇಳಿದು ಸಮುದ್ರದ ದಂಡೆಯ ಒಂದು ಸಣ್ಣ ಹಳ್ಳಿಗೆ ಹೋದ. ನಮ್ಮ ಓಣಿಯಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ.

ಏಕೀಕರಣವಾದ ವರ್ಷ ಅದು. ಗದಗಿನಲ್ಲಿ ಮೆರವಣಿಗೆ, ಪೇಢೆ. ಕನ್ನಡ ಮಾತಾಡುವವರೆಲ್ಲ ಒಂದಾದೆವು ಎಂದು ನಾವೂ ಹಿಗ್ಗಿದ್ದೆವು. ಅದೇ ಚಳಿಗಾಲದಲ್ಲಿ ಆ ಹಳ್ಳಿಯ ಶಾಲೆಯ ಮಾಸ್ತರರಿಂದ ದೊಡ್ಡವ್ವನಿಗೆ ಒಂದು ಕಾರ್ಡು ಬಂತು. ಓದಲು ನನ್ನನ್ನು ಕರೆದಳು. ನಾಲ್ಕನೆಯ ಇಯತ್ತೆ ಕಲಿತು ಆ ಓಣಿಗೆ ಬಂದ ಸೊಸೆ ನಾನು. ಅರ್ಧ ತುಂಬಿದ ಕೊಡ, ತುಳುಕಿದ್ದೇನು ಕೇಳಬೇಡಿ. ಓಣಿಗೆಲ್ಲ ಕೇಳುವಂತೆ ಓದಿದೆ: "ನಿಮ್ಮ ಮಗ ಕಡಲಿಗೆ ಹೋದವನು ಇನ್ನೂ ಮರಳಿಲ್ಲ. ಗಂಟು ನಮ್ಮಲ್ಲಿದೆ. ಧೈರ್ಯದಿಂದಿರಿ."

ನಮ್ಮ ಬಾಯಲ್ಲಿ ಕಡಲೆ ಎಂದರೆ ಕಡಲಿ. ಸಮುದ್ರಕ್ಕೆ ಸಮುದ್ರ ಎನ್ನುತ್ತಿದ್ದೆವೇ ಹೊರತು ಬೇರೆ ಹೆಸರು ನಮಗೆ ಗೊತ್ತಿರಲಿಲ್ಲ. ಸುಗ್ಗಿಯ ದಿನ ಬೇರೆ.

"ಕಡಲಿ ಕೀಳಾಕ ಹೋಗ್ಯಾನ, ದೊಡ್ಡವ್ವ," ಎಂದೆ.

ಅವಳು ನಕ್ಕಳು. "ನೇಕಾರರ ಹುಡುಗಗ ಕಡಲಿ ಕೀಳೋದು ಯಾರ ಕಲಿಸಿದ್ರವಾ? ಸುಗ್ಗಿ ಮುಗೀಲಿ, ಬರ್ತಾನ ತಗೋ."

ಧೈರ್ಯದಿಂದಿರಿ ಎಂದು ಯಾಕೆ ಬರೆದಿದ್ದಾರೆ ಎಂದು ಒಂದು ಗಳಿಗೆ ನನಗೂ ಅನ್ನಿಸಿತು. ಮಾಸ್ತರ ಮಂದಿ ಹಾಗೆಯೇ ಬರೆಯುತ್ತಾರೆ ಎಂದು ಬಿಟ್ಟುಬಿಟ್ಟೆ. ಅದಕ್ಕಾಗಿ ನನ್ನನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಹೋಳಿಹುಣ್ಣಿಮೆ ದಾಟಿತು, ಮಗ ಬರಲಿಲ್ಲ. ನಾನು, ನನ್ನ ಗಂಡ ಅವಳನ್ನು ಕರೆದುಕೊಂಡು ಹೊರಟೆವು. ಬಸ್ಸು ಇಳಿದ ಮೇಲೆ ಗುಡ್ಡದ ಮೇಲಿನ ಕಾಲುದಾರಿ. ಗೇರುಮರ, ಕೆಂಪು ಕಲ್ಲು, ಎಲ್ಲೋ ಕೆಳಗೆ ಒಂದೇ ಸಮನೆ ಮೊರೆತ. ದೊಡ್ಡವ್ವ ಅತ್ತಿತ್ತ ನೋಡುತ್ತಲೇ ನಡೆದಳು. "ಒಂದೂ ಕರಿಮಣ್ಣಿನ ಎರಿಹೊಲ ಕಾಣವಲ್ತಲ್ಲವಾ... ಕಡಲಿ ಎಲ್ಲಿ ಬೆಳೀತಾರ ಇವ್ರು?"

ಶಾಲೆಯ ಮುಂದೆ ಮಾಸ್ತರರು ಸಿಕ್ಕರು. ದೊಡ್ಡವ್ವ ಕೈಮುಗಿದು, ಮಗನ ಹೆಸರು ಹೇಳಿ, "ಕಡಲಿ ಹೊಲ ಎಲ್ಲೈತ್ರಿ?" ಎಂದು ಕೇಳಿದಳು.

"ಯಾವ ಹೊಲ, ತಾಯಿ? ಇಲ್ಲಿ ಕಡಲೆ ಬೆಳೆಯುವುದಿಲ್ಲ."

ಅವರು ಅವಳನ್ನು ನೋಡಿದರು, ಆಮೇಲೆ ನನ್ನನ್ನು. ನಮ್ಮನ್ನು ತೆಂಗಿನತೋಟ ದಾಟಿಸಿ ಮರಳಿನ ಮೇಲೆ ತಂದು ನಿಲ್ಲಿಸಿದರು. ಎದುರಿಗೆ ಬರೀ ನೀರು, ಒಂದರ ಹಿಂದೊಂದು ತೆರೆ. ಒಂದು ನರಪಿಳ್ಳೆಯೂ ಇರಲಿಲ್ಲ. "ಇದು ಕಡಲು," ಎಂದರು.

ಕಾರ್ಡಿನಲ್ಲಿದ್ದ ಮಾತು ನನಗೆ ಆಗ ತಿಳಿಯಿತು. ದೊಡ್ಡವ್ವ ಮಾತ್ರ ಕಣ್ಣಿಗೆ ಕೈ ಅಡ್ಡ ಹಿಡಿದು ದೂರ ನೋಡುತ್ತಿದ್ದಳು.

"ಈ ನೀರಿನ ಆಚಿಗಿ ಐತೇನ್ರಿ ಹೊಲ?"

"ಆಚೆ ಏನೂ ಇಲ್ಲ, ತಾಯಿ."

ಮಗ ಆಸೆಪಟ್ಟು ಮೀನುಗಾರರ ದೋಣಿ ಹತ್ತಿದ್ದನಂತೆ. ದೋಣಿಯೂ ಬರಲಿಲ್ಲ, ಹೆಣವೂ ಸಿಗಲಿಲ್ಲ. ಅದನ್ನು ಅವಳಿಗೆ ಬಿಡಿಸಿ ಹೇಳಿದವಳು ನಾನೇ. ಮರಳಿನ ಮೇಲೆ ಕುಸಿದು ಕುಳಿತಳು. "ಕಡಲಿ ಕೀಳಾಕ ಹೋಗ್ಯಾನ ಅಂದಿದ್ದೆಲ್ಲವಾ ನೀ..." ಎಂದಳು, ಅಷ್ಟೇ.

ಊರಿಗೆ ಬಂದ ಮೇಲೂ ಬೈಯಲಿಲ್ಲ. ಬೈದಿದ್ದರೆ ನನ್ನ ಎದೆ ಹಗುರಾಗುತ್ತಿತ್ತು. ಕೆಲವು ದಿನ ಬಿಟ್ಟು ಅದೇ ಕಾರ್ಡು ತಂದು ನನ್ನ ಮುಂದೆ ಹಿಡಿದಳು.

"ಇನ್ನೊಮ್ಮಿ ಓದವಾ... ಮೊದ್ಲ ಓದಿದಂಗ."

ಓದಿದೆ. ಕಡಲಿ ಕೀಳಾಕ ಹೋಗ್ಯಾನ, ದೊಡ್ಡವ್ವ, ಎಂದೂ ಹೇಳಿದೆ. ಆಮೇಲೆ ಪ್ರತಿ ಸುಗ್ಗಿಗೂ ಕೇಳಿದಳು. ಅವಳು ಇರುವತನಕ ಓದಿದೆ.

ಕಾರ್ಡು ಅವಳ ಜೊತೆಗೇ ಮಣ್ಣಾಗಿ ಎಷ್ಟೋ ವರ್ಷಗಳಾದವು. ಆ ಹುಡುಗ ಬರುತ್ತಾನೆ ಎಂದು ಸುಳ್ಳಿಗಾದರೂ ಹೇಳೋಣವೆಂದರೆ, ಕೇಳುವವರು ಈಗ ಯಾರೂ ಇಲ್ಲ.