ಹಿಂದಿನ ಕೋಣೆಯ ಬಿಸಿನೀರು

ಕೆಲಸ ಬಿಟ್ಟು ಎಂಟು ವರ್ಷವಾಗಿದ್ದರೂ ಓಣಿಯವರ ಬಾಯಲ್ಲಿ ಅವರು ಇನ್ನೂ ಕಂಡಕ್ಟರೇ. ಮೂವತ್ತೊಂದು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು ಯಾರು ಎಲ್ಲಿ ಇಳಿಯಬೇಕು, ಬಸ್ಸು ಯಾವಾಗ ಹೊರಡಬೇಕು ಎಂದು ಹೇಳಿದ ಮನುಷ್ಯ. ಅಂಥವರಿಗೆ ಒಂದು ಹಳೇ ಹೀಟರಿನ ವಿಷಯದಲ್ಲಿ ಒಂದೂವರೆ ತಿಂಗಳಾದರೂ ಹೂಂ ಅನ್ನಲಾಗಲಿಲ್ಲ, ಊಹೂಂ ಅನ್ನಲೂ ಆಗಲಿಲ್ಲ.

ಹೀಟರು ಹಿಂದಿನ ಕೋಣೆಯ ಸ್ಪಾ ತೊಟ್ಟಿಯದು. ಮುಚ್ಚಿಹೋದ ಹೋಟೆಲೊಂದರಿಂದ ತಂದ ತೊಟ್ಟಿ. ಮಂಡಿಯೆತ್ತರದ ಅಂಚು, ಸುತ್ತಲೂ ನೀರು ಚಿಮ್ಮುವ ತೂತುಗಳು. ಒಳತರುವಾಗ ಬಾಗಿಲ ಚೌಕಟ್ಟನ್ನೇ ಕೀಳಬೇಕಾಯಿತು. “ಏನ್ ಕಂಡಕ್ಟ್ರೇ, ಜಲಕ್ರೀಡೇನಾ?” ಎಂದು ಪಕ್ಕದ ಮನೆಯವರು ನಕ್ಕಿದ್ದರು. ಆದರೆ ಅದು ಶೋಕಿಗೆ ಬಂದದ್ದಲ್ಲ. ಕಂಡಕ್ಟರ ಹೆಂಡತಿ ದರ್ಜಿ, ಅರ್ಧ ಆಯುಷ್ಯ ಹೊಲಿಗೆ ಯಂತ್ರ ತುಳಿದವರು. ಸಂಧಿವಾತ ಮೊದಲು ಅವರ ಬೆರಳು ಹಿಡಿಯಿತು, ಆಮೇಲೆ ಮಂಡಿ, ಆಮೇಲೆ ಸೊಂಟ. ಬೆಳಿಗ್ಗೆ ಅರ್ಧ ಗಂಟೆ ಬಿಸಿನೀರಲ್ಲಿ ಕೂತರೆ ಮಾತ್ರ ಮುಷ್ಟಿ ಬಿಚ್ಚುತ್ತಿತ್ತು. ಬಿಚ್ಚಿದ ಮೇಲೆ ತಲೆ ಬಾಚಿಕೊಳ್ಳುವರು, ಮೊಮ್ಮಗಳ ಫ್ರಾಕಿಗೆ ಗುಂಡಿ ಹಚ್ಚುವರು, ಹೊಲಿಗೆ ನೆಟ್ಟಗೆ ಬಂದರೆ ಇಡೀ ದಿನ ಗೆದ್ದವರ ಹಾಗೆ ಇರುವರು.

ಮೊದಲು ನೀರು ಉಗುರುಬೆಚ್ಚಗಾಗಿ ಅಲ್ಲಿಗೇ ನಿಲ್ಲತೊಡಗಿತು. ಆಮೇಲೆ ಸ್ವಿಚ್ಚು ಹಾಕಿದ ಹತ್ತು ನಿಮಿಷಕ್ಕೆ ಮನೆಯ ಕರೆಂಟೇ ಹೋಗತೊಡಗಿತು. ಮೆಕ್ಯಾನಿಕ್ ಬಂದು, ತೊಟ್ಟಿಯ ಪಕ್ಕದ ಹಲಗೆ ಬಿಚ್ಚಿ, ನೆಲದ ಮೇಲೆ ಬೋರಲು ಬಿದ್ದು ಟಾರ್ಚು ಬಿಟ್ಟು ನೋಡಿದ. ಹೀಟರೆಂದರೆ ಮೊಳದುದ್ದದ ಉಕ್ಕಿನ ಕೊಳವೆ, ಮೈತುಂಬ ತುಕ್ಕು.

“ಒಳಗಿನ ಕಾಯಿಲ್ ಬದಲಾಯಿಸ್ಬಹುದು ಯಜಮಾನ್ರೇ. ಎಷ್ಟು ದಿನ ಬರುತ್ತೆ ಅಂತ ಮಾತ್ರ ಕೇಳ್ಬೇಡಿ. ಈ ಕೊಳವೆ ತೂತು ಬಿದ್ರೆ ಕರೆಂಟು ನೀರಿಗಿಳಿಯುತ್ತೆ.”

“ಹಾಗಾದ್ರೆ ಹೊಸದೇ ಹಾಕಪ್ಪ.”

“ಹಾಕ್ತೀನಿ. ಆದ್ರೆ ಹೊಸದು ಈ ಪೈಪಿಗೆ ಕೂರಲ್ಲ. ತೊಟ್ಟಿ ಬುಡದಲ್ಲೇ ಕತ್ತರಿಸಿ ಜೋಡಿಸ್ಬೇಕು. ತೊಟ್ಟಿಗೂ ವಯಸ್ಸಾಗಿದೆ, ತಡ್ಕೊಂಡ್ರೆ ನಮ್ ಪುಣ್ಯ.”

“ತಡ್ಕೊಳ್ದೇ ಇದ್ರೆ?”

ಅವನು ಕೈ ಒರೆಸಿಕೊಂಡ. “ಈಗ ಬರೋ ತೊಟ್ಟಿಗಳು ಎದೆಮಟ್ಟ ಇರ್ತವೆ. ಅಮ್ಮೋರು ಹತ್ತೋಕಾಗಲ್ಲ.”

ಅತ್ತ ದರಿ, ಇತ್ತ ಪುಲಿ. ಯೋಚಿಸಿ ಹೇಳುತ್ತೇನೆ ಎಂದು ಕಂಡಕ್ಟರು ಅವನನ್ನು ಕಳಿಸಿದರು. ಮಗಳಿಗೆ ಫೋನು ಮಾಡಿದರೆ, “ನೀವ್ ಹೇಗೆ ಹೇಳ್ತೀರೋ ಹಾಗೆ ಅಪ್ಪಾ” ಎಂದಳು. ಡಾಕ್ಟರು, “ಬಿಸಿನೀರು ಒಳ್ಳೇದೇ. ಹೀಟರ್ ವಿಷಯ ನಂಗೇನ್ ಗೊತ್ತು?” ಎಂದರು. ಹೆಂಡತಿಯನ್ನೇ ಕೇಳಿದಾಗ, “ಕೂರೋದಷ್ಟೇ ನನ್ ಕೆಲಸ. ಮಿಕ್ಕಿದ್ದು ನಿಮಗೆ ಸರಿ ಕಂಡಂಗೆ ಮಾಡ್ರೀ” ಎಂದುಬಿಟ್ಟರು.

ಅವರಿಗೆ ಯಾವುದೂ ಸರಿ ಕಾಣಲಿಲ್ಲ. ತೀರ್ಮಾನವಾಗುವವರೆಗೆ ಎಂದು ಒಲೆಯ ಮೇಲೆ ನೀರು ಕಾಯಿಸಿ ಹೊತ್ತು ಸುರಿದರು. ಹದಿನಾಲ್ಕನೇ ಪಾತ್ರೆ ಸುರಿಯುವಷ್ಟರಲ್ಲಿ ಮೊದಲನೆಯದು ತಣ್ಣಗಾಗಿರುತ್ತಿತ್ತು. “ಸಾಕು ಬಿಡ್ರೀ, ಕೆರೆ ತುಂಬ್ಸಿ ಕೂರ್ಸೋಕೆ ನಾನೇನು ಎಮ್ಮೇನಾ?” ಎಂದು ಹೆಂಡತಿ ನಗಿಸಲು ನೋಡಿದರು. ಆದರೆ ಒಂದು ಬೆಳಿಗ್ಗೆ ಅವರ ಕೈಯಿಂದ ಬಾಚಣಿಗೆ ಜಾರಿ ಬಿತ್ತು. ಅದನ್ನೇ ನೋಡುತ್ತ ಕೂತರು. ಕಂಡಕ್ಟರು ಅಲ್ಲಿಂದಲೇ ಮೆಕ್ಯಾನಿಕ್ಕಿಗೆ ಫೋನು ಹಚ್ಚಿದರು. “ಹೊಸದು ಹಾಕಿಬಿಡು.”

ಹೊಸ ಹೀಟರು ಬಂದ ದಿನ ಕಂಡಕ್ಟರೇ ಟಾರ್ಚು ಹಿಡಿದು ನಿಂತರು. ಗರಗಸ ಪೈಪಿನ ಮೇಲೆ ನಾಲ್ಕು ಸಲ ಆಡಿತ್ತೋ ಇಲ್ಲವೋ, ಟಕ್ಕೆಂದು ಸದ್ದಾಯಿತು. ತೊಟ್ಟಿಯ ಬುಡದಿಂದ ಅಂಚಿನವರೆಗೆ ಕೂದಲೆಳೆಯಂಥ ಬಿರುಕು. ಮೆಕ್ಯಾನಿಕ್ ಮೂರು ದಿನ ಅಂಟು ಮೆತ್ತಿದ, ತೇಪೆ ಹಾಕಿದ. ನೀರು ತುಂಬಿಸಿದಾಗಲೆಲ್ಲ ಅದು ನೆಲದ ಮೇಲೆ ಹರಿದು ಹೊಸಿಲವರೆಗೂ ಬಂತು.

“ನನ್ ಕೈಲಾಗಲ್ಲ ಯಜಮಾನ್ರೇ.”

“ಕಾಯಿಲ್ ಒಂದೇ ಹಾಕ್ಸಿದ್ರೆ ಉಳೀತಿತ್ತಾ?”

“ಉಳೀತಿತ್ತೋ, ಇನ್ನೂ ದೊಡ್ಡ ಅನಾಹುತ ಆಗ್ತಿತ್ತೋ. ಹೇಗ್ ಹೇಳ್ಲಿ?” ಅವನು ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡ.

ಆ ಪ್ರಶ್ನೆಯನ್ನು ಕಂಡಕ್ಟರು ಆಮೇಲೆ ಬೇರೆ ಯಾರನ್ನೂ ಕೇಳಲಿಲ್ಲ. ಈಗ ಬೆಳಗಾದರೆ ಒಂದು ಬೇಸಿನ್ನಿನಲ್ಲಿ ಬಿಸಿನೀರು ತಂದು ಸ್ಟೂಲಿನ ಮೇಲಿಟ್ಟು, ಹೆಂಡತಿಯ ಎರಡೂ ಕೈ ಅದರಲ್ಲಿ ಮುಳುಗಿಸುತ್ತಾರೆ. ಬೆರಳು ಸ್ವಲ್ಪ ಬಿಚ್ಚುತ್ತವೆ. ಮಂಡಿಗೆ, ಸೊಂಟಕ್ಕೆ ಬೇಸಿನ್ನು ಸಾಲದು. ಕುರ್ಚಿಯಿಂದ ಏಳುವಾಗ ಹೆಂಡತಿ ಅವರ ಹೆಗಲು ಹಿಡಿಯುತ್ತಾರೆ, ಇತ್ತೀಚೆಗೆ ಇನ್ನೂ ಬಿಗಿಯಾಗಿ.

“ನೋವಾಯ್ತೇನ್ರೀ?” ಎಂದು ಹೆಂಡತಿ ಕೇಳಿದರೆ, “ಇಲ್ಲ ಕಣೇ, ಹಿಡ್ಕೋ” ಎನ್ನುತ್ತಾರೆ. ಹೆಂಡತಿಯ ಕೈಗೆಟುಕುವಂತೆ ಹೆಗಲನ್ನು ಇನ್ನಷ್ಟು ತಗ್ಗಿಸುತ್ತಾರೆ.