ಅಕ್ಕಿ ಮಡಕೆಯೊಳಗಿನ ಕಾಗದ

ಹೋದ ವಾರವಲ್ಲ, ಅದರ ಹಿಂದಿನ ಗುರುವಾರ ನನ್ನ ಕೈಯಿಂದ ಒಂದು ಊರಿನ ರೇಡಿಯೋ ಸತ್ತುಹೋಯಿತು. ಊರಿನ ಹೆಸರು ಬೇಡ. ಮಾದಿಹಳ್ಳಿಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುತ್ತದೆ.

ಬೇಲೂರಿನಲ್ಲಿ ನನ್ನದು ಸರ್ಕಾರಿ ಪ್ರಚಾರದ ಕೆಲಸವೆಂಬುದು ಈ ಅಂಕಣದ ಓದುಗರಿಗೆ ಗೊತ್ತೇ ಇದೆ. ಈ ಸಲದ ವಿಷಯ ಸಿಡುಬಿನ ದಾಕು, ಅಂದರೆ ಲಸಿಕೆ. ಪಕ್ಕದ ಊರಿನಲ್ಲಿ ಆಗಲೇ ಇಬ್ಬರಿಗೆ ಸಿಡುಬು ಕಾಣಿಸಿಕೊಂಡಿತ್ತು. ಶುಕ್ರವಾರ ಬೆಳಿಗ್ಗೆ ಹೆಲ್ತ್ ಇನ್ಸ್‌ಪೆಕ್ಟರು ದಾಕು ಹಾಕಲು ಬರುವವರಿದ್ದರು. ಮಕ್ಕಳನ್ನು ಶಾಲೆಗೆ ಕರೆತರುವಂತೆ ಮನೆಯವರನ್ನು ಒಪ್ಪಿಸುವ ಹೊಣೆ ನನ್ನದು.

ಹೋದ ತಿಂಗಳು ಒಮ್ಮೆ ಪ್ರಯತ್ನಿಸಿ ಸೋತಿದ್ದೆ. ದಾಕಿನ ಏಳು ಪ್ರಯೋಜನಗಳನ್ನು ಬರೆದುಕೊಂಡು ಹೋಗಿ, ಒಂದಕ್ಷರ ತಪ್ಪದೆ ಓದಿದ್ದೆ. (ನಮ್ಮ ವಂಶದಲ್ಲಿ ಬಿ.ಎ. ಆದವನು ನಾನೊಬ್ಬನೇ. ಮಾತು ತಪ್ಪಿದರೆ ಓದಿದ್ದೇ ಸುಳ್ಳಾದೀತೆಂಬ ಅಂಜಿಕೆ.) ಮೂರನೆಯ ಪ್ರಯೋಜನಕ್ಕೆ ಹಿಂದಿನ ಸಾಲು ಎದ್ದುಹೋಯಿತು. ಐದನೆಯದಕ್ಕೆ ಮುಂದಿನ ಸಾಲು. ಮರುದಿನ ದಾಕು ಹಾಕಿಸಿಕೊಂಡವರು ಇಬ್ಬರೇ: ಶಾಲೆಯ ಮೇಷ್ಟ್ರು ಮತ್ತು ಇನ್ಸ್‌ಪೆಕ್ಟರ ಮುಖ ನೋಡಲಾರದೆ ತೋಳು ಚಾಚಿದ ನಾನು.

ಆದ್ದರಿಂದ ಈ ಸಲ ಗುರುವಾರವನ್ನೇ ಆರಿಸಿಕೊಂಡೆ. ಅಂದು ಸಂಜೆ ಪಂಚಾಯಿತಿಯ ರೇಡಿಯೋದಲ್ಲಿ ಕಂತು ಕಂತಾಗಿ ಬರುವ ನಾಟಕ. ಊರಿಗೆ ಊರೇ ಸೇರುತ್ತದೆ. ನಾಟಕ ಮುಗಿಯಬೇಕು, ನಾನು ಏಳಬೇಕು. ಇದು ಪ್ಲಾನು.

ಮಧ್ಯಾಹ್ನವೇ ತಲುಪಿದ್ದೆ. ವಾರ್ತೆ ಓದುವವರ ಉಚ್ಚಾರಣೆ ಕೇಳಿ ನನ್ನದನ್ನು ತಿದ್ದಿಕೊಳ್ಳೋಣವೆಂದು ರೇಡಿಯೋ ಹಾಕಿದೆ. ವಾರ್ತೆ ಮುಗಿಯಿತು; ಭಾಷಣ ಉರುಹೊಡೆಯುವ ಭರದಲ್ಲಿ ಆರಿಸುವುದನ್ನು ಮರೆತೆ. ಅದು ಬ್ಯಾಟರಿಯ ಸೆಟ್ಟು. ಚಾರ್ಜು ಮಾಡಿಸಬೇಕಾದರೆ ಬ್ಯಾಟರಿಯೇ ಬಸ್ಸು ಹತ್ತಿ ಬೇಲೂರಿಗೆ ಹೋಗಬೇಕು!

ಸಂಜೆ ನಾಟಕ ಶುರುವಾಯಿತು. ಮಿಲಿಟರಿಯಲ್ಲಿರುವ ಮಗ ಹೆಂಡತಿಗೆ ಬರೆದ ಕಾಗದವನ್ನು ಅತ್ತೆ ಅಕ್ಕಿ ಮಡಕೆಯಲ್ಲಿ ಬಚ್ಚಿಟ್ಟಿದ್ದಾಳೆ. ಮಗುವಿಗೆ ಗಂಜಿ ಮಾಡಲೆಂದು ಸೊಸೆ ಮಡಕೆಗೆ ಕೈ ಹಾಕಿದಳು. ಕಾಗದ ಬಿಡಿಸಿದಳು. “ಅಯ್ಯೋ, ಇದೇನಿದು!” ಎಂದಳು.

ರೇಡಿಯೋ ಗೊರಗೊರ ಎಂದು ಸುಮ್ಮನಾಯಿತು.

ಮೊದಲು ಎದ್ದವಳು ಕೆಂಪಜ್ಜಿ. ಹಿಂದಿನ ಸಲ ಮೊಮ್ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಇನ್ಸ್‌ಪೆಕ್ಟರನ್ನು ಬಾಗಿಲಿನಿಂದಲೇ ಅಟ್ಟಿದವಳು.

“ಕಾಗ್ದದಾಗೆ ಏನ್ ಬರ್ದಿತ್ತು ಸ್ವಾಮಿ? ಯೋಳಿ.”

“ನನಗೆ ಹೇಗಮ್ಮ ಗೊತ್ತು?”

“ರೇಡಿಯೋನೂ ಸರ್ಕಾರದ್ದು, ನೀವೂ ಸರ್ಕಾರದೋರು. ಗೊತ್ತಿರಾಕಿಲ್ವಾ?”

“ಗೊತ್ತೈತೆ ಕಣಜ್ಜಿ, ಬಿ.ಎ. ಓದವ್ರಲ್ಲ, ಸುಮ್ಕೆ ಯೋಳಾಕಿಲ್ಲ” ಎಂದರು ಚೇರ್ಮನ್ ರಂಗೇಗೌಡರು.

ಊರೆಲ್ಲ ನನ್ನನ್ನೇ ನೋಡುತ್ತಿತ್ತು. ಏಳು ಪ್ರಯೋಜನ ಓದುವಾಗ ಒಬ್ಬರಾದರೂ ಹೀಗೆ ನೋಡಿದ್ದರೆ? ಜೇಬಿನ ಭಾಷಣ ಜೇಬಿನಲ್ಲೇ ಉಳಿಯಿತು. ಬಾಯಿಗೆ ಬಂದದ್ದನ್ನು ತಡವರಿಸುತ್ತಲೇ ಹೇಳಿದೆ. “ನಾನಿರುವ ಕಡೆ ಸಿಡುಬು ಎದ್ದಿದೆ. ನಾನು ದಾಕು ಹಾಕಿಸಿಕೊಂಡೆ. ಮಗುವಿಗೂ ಹಾಕಿಸು, ಅಂತ ಬರೆದಿದ್ದ. ಮೊಮ್ಮಗನಿಗೆ ಏನಾಗುತ್ತೋ ಎಂದು ಅತ್ತೆ ಹೆದರಿ ಬಚ್ಚಿಟ್ಟಳು.”

ಐದು ವಾರದಿಂದ ಆ ಅತ್ತೆಗೆ ಶಾಪ ಹಾಕುತ್ತಿದ್ದ ಕೆಂಪಜ್ಜಿ ಮೊಮ್ಮಗನನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: “ಸೊಸೆ ಹಾಕಿಸುದ್ಲಾ? ಮಗೀಗೆ ಏನಾಯ್ತು?”

ಉತ್ತರ ನಾಲಿಗೆಯ ತುದಿಯಲ್ಲಿತ್ತು. ತಡೆದೆ. ರೇಡಿಯೋದವರು ಪ್ರತಿ ಗುರುವಾರ ಮಾಡುವುದೂ ಅದನ್ನೇ ಅಲ್ಲವೆ?

“ನಾಳೆ ಬೆಳಿಗ್ಗೆ ಶಾಲೆ ಹತ್ತಿರ ಬನ್ನಿ, ಹೇಳ್ತೀನಿ.”

“ಇವ್ನೂ ರೇಡಿಯೋ ಆಗೋದ್ನಲ್ಲಪ್ಪಾ!” ಎಂದು ಯಾರೋ ಗೊಣಗಿದರು.

ಬೆಳಿಗ್ಗೆ ಶಾಲೆಯ ಅಂಗಳ ತುಂಬಿತ್ತು. ಇನ್ಸ್‌ಪೆಕ್ಟರು ದಾಕಿನ ಪೆಟ್ಟಿಗೆ ತೆರೆದರು, ನಾನು ಕಥೆ ತೆರೆದೆ. ಸೊಸೆ ದಾಕು ಹಾಕಿಸಿದಳು. ಮಗುವಿಗೆ ಎರಡು ದಿನ ಜ್ವರ ಬಂತು. ತೋಳಿನಲ್ಲಿ ಗುಳ್ಳೆ ಎದ್ದಿತು, ಒಣಗಿತು, ಉದುರಿತು. ಅಪ್ಪ ರಜೆಯಲ್ಲಿ ಬಂದಾಗ ಮಗು ಓಡಿಹೋಗಿ ಎತ್ತಿಕೋ ಎಂದಿತು.

ಗಮನಿಸಿ: ನನ್ನ ಏಳು ಪ್ರಯೋಜನಗಳಲ್ಲಿ ಜ್ವರದ ಮಾತೇ ಇರಲಿಲ್ಲ. ಅಜ್ಜಿಯಂದಿರು ಹೆದರಿದ್ದು ಅದೊಂದಕ್ಕೇ. ನಾಟಕ ಬರೆಯುವವರು ಪಾತ್ರದ ಅಂಜಿಕೆಯಿಂದ ಆರಂಭಿಸುತ್ತಾರೆ. ಪ್ರಚಾರದವರಾದ ನಾವು ಇಲಾಖೆಯ ಹೆಮ್ಮೆಯಿಂದ.

ಕೆಂಪಜ್ಜಿ ಮೊಮ್ಮಗನ ತೋಳನ್ನು ತಾನೇ ಹಿಡಿದಳು. “ಬಿರ್ರನೆ ಹಾಕಪ್ಪ. ನೀ ತಡ ಮಾಡುದ್ರೆ ನನ್ ಮನ್ಸು ತಿರ್ಗುತ್ತೆ” ಎಂದು ಇನ್ಸ್‌ಪೆಕ್ಟರನ್ನು ಗದರಿದಳು.

ಇಲ್ಲಿಗೆ ಮುಗಿದಿದ್ದರೆ ನಾನು ಜಾಣ. ಆದರೆ ಮುಂದಿನ ಗುರುವಾರ ಬ್ಯಾಟರಿ ಚಾರ್ಜಾಗಿ ನನ್ನ ಜೊತೆಯಲ್ಲೇ ಊರಿಗೆ ಬಂತು! ನಾಟಕ ಮುಂದುವರಿಯಿತು. ಕಾಗದದಲ್ಲಿದ್ದದ್ದು ಮಗನ ಎರಡನೆಯ ಮದುವೆಯ ಸುದ್ದಿ.

“ರೇಡಿಯೋದೋರ್ಗೆ ಯಾವುದೋ ಬ್ಯಾರೆ ಕಾಗ್ದ ಸಿಕ್ಕೈತೆ” ಎಂದು ರಂಗೇಗೌಡರು ಕಣ್ಣು ಮಿಟುಕಿಸಿದರು.

ನಾನು ಎದ್ದು ನಿಂತು, ಅದು ನಾನೇ ಕಟ್ಟಿದ ಕಥೆ, ಕ್ಷಮಿಸಿ ಎಂದೆ. ಕೆಂಪಜ್ಜಿ ನಕ್ಕಳು. “ನೀವು ತಡವರ್ಸಿದ್ ನೋಡೇ ಗೊತ್ತಾಯ್ತು ಕಣಪ್ಪ. ಕತೆ ಸುಳ್ಳಾದ್ರೇನು, ಆ ಮುದುಕಿ ಹೆದ್ರುದ್ದು ಸುಳ್ಳಾ?” ಎಂದು ಮೊಮ್ಮಗನ ತೋಳಿನ ಗುಳ್ಳೆಯನ್ನು ತೋರಿಸಿದಳು.

ಈಗ ತಿಂಗಳ ವರದಿ ತುಂಬುತ್ತಿದ್ದೇನೆ. ‘ಮಾಡಿದ ಭಾಷಣಗಳು’ ಎಂಬ ಕಾಲಮ್ಮಿನಲ್ಲಿ ಸೊನ್ನೆ ಬರೆದಾಯಿತು. ಜನ ಯಾವುದಕ್ಕೆ ಹೆದರಿದ್ದಾರೆಂದು ಬರೆಯಲು ಒಂದು ಕಾಲಮ್ ಯಾಕಿಲ್ಲ?